ಆಸ್ಟ್ರೇಲಿಯಾ ರಾಜಕೀಯದಲ್ಲಿ ಯಾರನ್ನು ಯಾವುದಕ್ಕೆ ಬೈಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾಕ್ಕೆ ಬಂದ ಕನ್ನಡಿಗರು ಮೊದಲ ಒಂದೆರಡು ವರ್ಷ ಇಲ್ಲಿನ ರಾಜಕೀಯದ ಗೊಡವೆಗೆ ಹೋಗುವುದಿಲ್ಲ. ಆಮೇಲೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆಫೀಸಿನ ಕಾಫಿ ಯಂತ್ರದ ಪಕ್ಕ, ಮಕ್ಕಳ ಕ್ರಿಕೆಟ್ ಮೈದಾನದ ಅಂಚಿನಲ್ಲಿ, ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲೇಬರ್–ಲಿಬರಲ್ ವಾದ ನಡೆದೇ ಇರುತ್ತದೆ. ಅಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನಗೂ ಒಲವುಗಳಿವೆ, ಅವು ಅಲ್ಲಲ್ಲಿ ಇಣುಕಿದರೆ ಸೋಸಿಕೊಂಡು ಓದಿ. ನನ್ನ ಮುಖ್ಯ ತಕರಾರು ಯಾವ ಪಕ್ಷದ ಮೇಲೂ ಅಲ್ಲ. ಇಲ್ಲಿನ ಅರ್ಧದಷ್ಟು ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತದೆ ಎಂಬುದೇ ನನ್ನ ತಕರಾರು.

ರೈಲು ತಡವಾಯ್ತು, ಆಸ್ಪತ್ರೆಯಲ್ಲಿ ಅರ್ಧ ದಿನ ಕಾದೆ, ಅಪ್ಪ ಅಮ್ಮನ ವೀಸಾ ಬರಲಿಲ್ಲ. ಎಲ್ಲಕ್ಕೂ ಪ್ರಧಾನಿ ಆಲ್ಬನೀಸಿಯೇ ಹೊಣೆ ತಾನೇ?

ವೀಸಾಕ್ಕೆ ಮಾತ್ರ ಹೌದು. ರೈಲು ರಾಜ್ಯ ಸರ್ಕಾರದ್ದು. ಆಸ್ಪತ್ರೆಯ ಕಥೆ ಸ್ವಲ್ಪ ಗೋಜಲು.

ವಲಸೆ, ರಕ್ಷಣೆ, ಆದಾಯ ತೆರಿಗೆ, ಪಿಂಚಣಿ, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ, ಚೈಲ್ಡ್‌ಕೇರ್ ಸಬ್ಸಿಡಿ ಇವೆಲ್ಲ ಕ್ಯಾನ್‌ಬೆರಾದ ಫೆಡರಲ್ ಸರ್ಕಾರಕ್ಕೆ ಸೇರಿದವು. ಪೊಲೀಸ್, ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ, ರೈಲು, ಟ್ರಾಮ್, ಗಾಡಿಯ ರೆಜಿಸ್ಟ್ರೇಷನ್, ಡ್ರೈವಿಂಗ್ ಲೈಸೆನ್ಸ್, ಮನೆ ಕೊಂಡಾಗ ಕಕ್ಕುವ ಸ್ಟ್ಯಾಂಪ್ ಡ್ಯೂಟಿ ರಾಜ್ಯದವು. ಕಸದ ಡಬ್ಬಿ, ಬೀದಿಯ ಗುಂಡಿ, ಪಾರ್ಕು ಸ್ಥಳೀಯ ಕೌನ್ಸಿಲ್‌ಗೆ ಸೇರಿದವು. ದೊಡ್ಡ ರಸ್ತೆಯ ಗುಂಡಿಯಾದರೆ ಮತ್ತೆ ರಾಜ್ಯದ್ದೇ.

ಆಸ್ಪತ್ರೆಯನ್ನು ನಡೆಸುವುದು ರಾಜ್ಯ, ಖರ್ಚಿನ ಒಂದು ಪಾಲು ಕೊಡುವುದು ಫೆಡರಲ್. ಬೀದಿ ಮೂಲೆಯ ಕ್ಲಿನಿಕ್ಕಿನಲ್ಲಿ ಜಿಪಿ (ಸಾಮಾನ್ಯ ವೈದ್ಯರು) ನೋಡಿದ್ದಕ್ಕೆ ದುಡ್ಡು ಕೊಡುವುದು ಮೆಡಿಕೇರ್, ಅಂದರೆ ಫೆಡರಲ್. ಹೀಗಾಗಿ ಎಮರ್ಜೆನ್ಸಿ ವಿಭಾಗ ತುಂಬಿ ತುಳುಕಿದಾಗ ರಾಜ್ಯದ ಪ್ರೀಮಿಯರ್ (ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ) ಎದ್ದು ನಿಂತು ಹೇಳುವುದೇ ಬೇರೆ: ಬಲ್ಕ್ ಬಿಲ್ಲಿಂಗ್ ಮಾಡುವ (ರೋಗಿಯಿಂದ ಏನೂ ಪಡೆಯದೆ ಪೂರ್ತಿ ಬಿಲ್ಲನ್ನು ಮೆಡಿಕೇರಿಗೇ ಹಾಕುವ) ಜಿಪಿ ಸಿಗದೆ ಜನ ಇಲ್ಲಿಗೆ ಬರುತ್ತಿದ್ದಾರೆ, ವೃದ್ಧಾಶ್ರಮದಲ್ಲಿ ಜಾಗ ಸಿಗದ ಹಿರಿಯರು ಹಾಸಿಗೆ ಹಿಡಿದು ಇಲ್ಲೇ ಉಳಿದಿದ್ದಾರೆ, ಎರಡೂ ಕ್ಯಾನ್‌ಬೆರಾದ ಕೆಲಸ. ಕ್ಯಾನ್‌ಬೆರಾದ ಮಂತ್ರಿ ಅದಕ್ಕೆ ಪ್ರತಿಯಾಗಿ, ನಾವು ಕೊಟ್ಟ ಹಣವನ್ನು ರಾಜ್ಯ ಸರಿಯಾಗಿ ಬಳಸಲಿಲ್ಲ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿರುವುದರಿಂದಲೇ ಈ ವಾದ ದಶಕಗಳಿಂದ ಮುಗಿದಿಲ್ಲ.

ಇಷ್ಟಕ್ಕೂ ಶಾಲೆ ಆಸ್ಪತ್ರೆಗಳು ಫೆಡರಲ್ ಚುನಾವಣೆಯಲ್ಲಿ ಯಾಕೆ ಬರುತ್ತವೆ? ಸಂವಿಧಾನದ 96ನೇ ವಿಧಿಯಿಂದಾಗಿ. ತನಗೆ ಸರಿಕಂಡ ಷರತ್ತು ಹಾಕಿ ರಾಜ್ಯಗಳಿಗೆ ಹಣ ಕೊಡುವ ಅಧಿಕಾರ ಅದರಲ್ಲಿದೆ. ಅಧಿಕಾರದ ಪಟ್ಟಿಯಲ್ಲಿ ಇಲ್ಲದ ಕ್ಷೇತ್ರಗಳಿಗೂ ಕ್ಯಾನ್‌ಬೆರಾ ಚೆಕ್‌ಬುಕ್ ಹಿಡಿದು ಪ್ರವೇಶಿಸಿದ್ದು ಆ ಬಾಗಿಲಿನಿಂದ.

ರಾಜ್ಯಗಳು ಯಾವಾಗ ನೋಡಿದರೂ ದುಡ್ಡಿಲ್ಲ ಅಂತ ಗೋಳಾಡುತ್ತವಲ್ಲ, ಯಾಕೆ?

1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಆದಾಯ ತೆರಿಗೆಯನ್ನು ಫೆಡರಲ್ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಯವರೆಗೆ ರಾಜ್ಯಗಳೂ ಆದಾಯ ತೆರಿಗೆ ಹಾಕುತ್ತಿದ್ದವು. ಯುದ್ಧ ಮುಗಿಯಿತು, ತೆರಿಗೆ ಮಾತ್ರ ಹಿಂತಿರುಗಲಿಲ್ಲ. ಆವತ್ತಿನಿಂದ ಹೆಚ್ಚು ಖರ್ಚಿನ ಕೆಲಸಗಳು ರಾಜ್ಯಗಳ ಬಳಿ, ಹೆಚ್ಚು ಆದಾಯದ ತೆರಿಗೆಗಳು ಕ್ಯಾನ್‌ಬೆರಾದ ಬಳಿ. ರಾಜ್ಯಗಳಿಗೆ ಉಳಿದದ್ದು ಪೇರೋಲ್ ತೆರಿಗೆ, ಸ್ಟ್ಯಾಂಪ್ ಡ್ಯೂಟಿ, ಲ್ಯಾಂಡ್ ಟ್ಯಾಕ್ಸ್, ಗಣಿ ರಾಯಲ್ಟಿ, ಜೂಜಿನ ತೆರಿಗೆ. ಪಬ್ಬುಗಳಲ್ಲಿನ ‘ಪೋಕಿ’ ಜೂಜಿನ ಯಂತ್ರಗಳನ್ನು ಯಾವ ಪ್ರೀಮಿಯರ್ ಕೂಡ ಮುಟ್ಟಲು ಹಿಂಜರಿಯುವುದು ಯಾಕೆ ಅಂತ ಇದರಿಂದಲೇ ಅಂದಾಜಾಗುತ್ತದೆ.

2000ದ ಜುಲೈ 1ರಂದು ಜಾನ್ ಹೊವಾರ್ಡ್ ಸರ್ಕಾರ ಶೇ 10ರ ಜಿಎಸ್‌ಟಿ ತಂದಿತು. ವಸೂಲು ಮಾಡುವುದು ಫೆಡರಲ್, ಆದರೆ ಹಣ ಪೂರ್ತಿ ಹೋಗುವುದು ರಾಜ್ಯಗಳಿಗೆ. ಯಾರಿಗೆ ಎಷ್ಟು ಅಂತ ಲೆಕ್ಕ ಹಾಕಲು 1933ರಷ್ಟು ಹಿಂದೆಯೇ ಹುಟ್ಟಿದ ಗ್ರ್ಯಾಂಟ್ಸ್ ಕಮಿಷನ್ ಇದೆ. ಸ್ವಂತ ಆದಾಯ ಜಾಸ್ತಿ ಇರುವ ರಾಜ್ಯಕ್ಕೆ ಕಡಿಮೆ, ಟ್ಯಾಸ್ಮೇನಿಯಾದಂಥ ಸಣ್ಣ ರಾಜ್ಯಕ್ಕೆ, ನಾರ್ದರ್ನ್ ಟೆರಿಟರಿಗೆ ಜಾಸ್ತಿ.

ಕರ್ನಾಟಕದವರಿಗೆ ಈ ಜಗಳವನ್ನು ವಿವರಿಸಿ ಹೇಳಬೇಕಾಗಿಲ್ಲ. 15ನೇ ಹಣಕಾಸು ಆಯೋಗ ರಾಜ್ಯದ ಪಾಲನ್ನು ಶೇ 4.71ರಿಂದ ಶೇ 3.64ಕ್ಕೆ ಇಳಿಸಿದ ಮೇಲೆ 2024ರ ಫೆಬ್ರವರಿಯಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಅಂತ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತವರು ನಾವೇ. ಇಲ್ಲಿ ಆ ಪಾತ್ರ ವೆಸ್ಟರ್ನ್ ಆಸ್ಟ್ರೇಲಿಯಾದ್ದು. ಕಬ್ಬಿಣದ ಅದಿರಿನ ರಾಯಲ್ಟಿ ಹರಿದು ಬಂದಿದ್ದರಿಂದ 2015–16ರಲ್ಲಿ ಆ ರಾಜ್ಯಕ್ಕೆ, ತಲೆಲೆಕ್ಕದಲ್ಲಿ ಸಿಗಬೇಕಿದ್ದ ಪ್ರತಿ ಡಾಲರಿಗೆ 30 ಸೆಂಟಿನಷ್ಟು ಮಾತ್ರ ಸಿಕ್ಕಿತು. ಅದರ ರಾಜಧಾನಿ ಪರ್ತ್‌ನಲ್ಲಿ ಲೇಬರ್, ಲಿಬರಲ್ ಅನ್ನದೆ ಎಲ್ಲರೂ ಸಿಡಿದೆದ್ದರು. ಕೊನೆಗೆ 2018ರಲ್ಲಿ ಫೆಡರಲ್ ಸರ್ಕಾರ ಕಾನೂನು ಮಾಡಿ ಕನಿಷ್ಠ ಮಿತಿ ಹಾಕಿತು: 2022–23ರಿಂದ 70 ಸೆಂಟು, 2024–25ರಿಂದ 75 ಸೆಂಟು. ಉಳಿದ ರಾಜ್ಯಗಳಿಗೆ ನಷ್ಟವಾಗದಂತೆ ಫೆಡರಲ್ ಬೊಕ್ಕಸದಿಂದಲೇ ತುಂಬಿಕೊಡುವ ಭರವಸೆ ಬೇರೆ.

ನನ್ನ ಕೇಳಿದರೆ ಅದು ಲೆಕ್ಕಾಚಾರಕ್ಕಿಂತ ಪರ್ತ್‌ನ ಸೀಟುಗಳ ಮೇಲೆ ಕಣ್ಣಿಟ್ಟು ಮಾಡಿದ ತೀರ್ಮಾನ. ಅದಿರಿನ ಬೆಲೆ ಏರಿ ಆ ರಾಜ್ಯ ಬಜೆಟ್ಟಿನಲ್ಲಿ ಉಳಿತಾಯ ತೋರಿಸುತ್ತಿದ್ದರೂ ಎರಡೂ ದೊಡ್ಡ ಪಕ್ಷಗಳು ಅದನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಇನ್ನೊಂದು ಕಡೆ, 2024ರಲ್ಲಿ ನ್ಯೂ ಸೌತ್ ವೇಲ್ಸ್ ಪಾಲು ಕುಗ್ಗಿದಾಗ ಅಲ್ಲಿನ ಖಜಾಂಚಿ (ಅಂದರೆ ಹಣಕಾಸು ಮಂತ್ರಿ) ಡೇನಿಯಲ್ ಮೂಖಿ ಬಹಿರಂಗವಾಗಿಯೇ ರೇಗಿದರು. ಅವರೂ ಲೇಬರ್, ಕ್ಯಾನ್‌ಬೆರಾದಲ್ಲಿದ್ದದ್ದೂ ಲೇಬರ್. ಹಣದ ವಿಷಯದಲ್ಲಿ ಪಕ್ಷಕ್ಕಿಂತ ರಾಜ್ಯದ ಗಡಿ ದೊಡ್ಡದು.

ಲೇಬರ್ ಅಂದ್ರೆ ನಮ್ಮ ಕಾಂಗ್ರೆಸ್ಸು, ಲಿಬರಲ್ ಅಂದ್ರೆ ಬಿಜೆಪಿ. ಸರಿ ತಾನೇ?

ಇಲ್ಲ. ಈ ಸಮೀಕರಣ ಹಿಡಿದು ಮತ ಹಾಕಿದವರನ್ನು ಬಲ್ಲೆ, ಬೇಸರವಾಗುತ್ತದೆ.

ಲೇಬರ್ ಹುಟ್ಟಿದ್ದು 1890ರ ದಶಕದಲ್ಲಿ, ಕಾರ್ಮಿಕ ಸಂಘಟನೆಗಳಿಂದ. ಇವತ್ತಿಗೂ ಯೂನಿಯನ್‌ಗಳಿಗೆ ಪಕ್ಷದೊಳಗೆ ತೂಕವಿದೆ. ಲಿಬರಲ್ ಪಕ್ಷವನ್ನು 1944ರಲ್ಲಿ ಕಟ್ಟಿದವರು ರಾಬರ್ಟ್ ಮೆನ್ಜೀಸ್: ಖಾಸಗಿ ಉದ್ಯಮ, ಕಡಿಮೆ ತೆರಿಗೆ, ಸ್ವಂತ ಮನೆಯ ಮಧ್ಯಮವರ್ಗ. ಹೆಸರು ನೋಡಿ ಎಡಪಂಥದವರು ಅಂದುಕೊಳ್ಳಬೇಡಿ, ಇಲ್ಲಿ ಬಲಪಂಥದ ಮುಖ್ಯ ಪಕ್ಷವೇ ಅದು. ಅದರ ಜೊತೆ ಹಳ್ಳಿಗಾಡಿನ ನ್ಯಾಷನಲ್ಸ್ ಸೇರಿದರೆ ‘ಕೊಯಲಿಷನ್’. ಕ್ವೀನ್ಸ್‌ಲ್ಯಾಂಡಿನಲ್ಲಿ ಎರಡೂ 2008ರಲ್ಲಿ ಒಂದಾಗಿ ಎಲ್‌ಎನ್‌ಪಿ ಆಗಿವೆ. 2025ರ ಮೇನಲ್ಲಿ ಸೋಲಿನ ಬೆನ್ನಿಗೇ ನ್ಯಾಷನಲ್ಸ್ ಮೈತ್ರಿ ಮುರಿದು, ವಾರ ಕಳೆದು ಮತ್ತೆ ಬಂದು ಸೇರಿಕೊಂಡರು. ನಮ್ಮೂರ ಮೈತ್ರಿ ಸರ್ಕಾರಗಳನ್ನು ನೋಡಿದವರಿಗೆ ಅದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ಟೀಲ್ ಅಂದರೆ ಯಾರು? ಅದೊಂದು ಪಕ್ಷವೇ?

ಪಕ್ಷವಲ್ಲ. 2022ರಲ್ಲಿ ಸಿಡ್ನಿ, ಮೆಲ್ಬರ್ನ್, ಪರ್ತ್‌ಗಳ ಸಿರಿವಂತ ಬಡಾವಣೆಗಳಲ್ಲಿ ಲಿಬರಲ್ಲರ ಖಾಯಂ ಸೀಟುಗಳನ್ನು ಕಿತ್ತುಕೊಂಡ ಪಕ್ಷೇತರ ಮಹಿಳೆಯರಿಗೆ ಅವರ ಪ್ರಚಾರದ ಹಸಿರು ಮಿಶ್ರಿತ ನೀಲಿ ಬಣ್ಣದಿಂದ ಬಂದ ಹೆಸರು. ಹವಾಮಾನದ ವಿಷಯದಲ್ಲಿ ಪರಿಸರವಾದಿ ಪಕ್ಷವಾದ ಗ್ರೀನ್ಸ್‌ಗೆ ಹತ್ತಿರ, ಹಣಕಾಸಿನಲ್ಲಿ ಲಿಬರಲ್‌ಗೆ ಹತ್ತಿರ. ಇನ್ನೊಂದು ತುದಿಯಲ್ಲಿ ಪಾಲಿನ್ ಹ್ಯಾನ್ಸನ್ ಅವರ ಒನ್ ನೇಷನ್ ಇದೆ, 1997ರಲ್ಲಿ ಶುರುವಾಗಿದ್ದು, ವಲಸೆ ವಿರೋಧವೇ ಅದರ ಬಂಡವಾಳ.

2025ರಲ್ಲಿ ಲೇಬರ್‌ಗೆ ಬಂದದ್ದು ಶೇ 34.6 ಮತ. 150ರಲ್ಲಿ 94 ಸೀಟು ಹೇಗೆ? ಮೋಸ ಅಲ್ಲವೇ?

ಸೋತ ಪಕ್ಷದವರು ಪ್ರತಿ ಸಲ ಹಿಡಿಯುವ ವಾದ ಇದು. ಪಕ್ಷ ಮಾತ್ರ ಬದಲಾಗುತ್ತಿರುತ್ತದೆ.

ಶೇ 34.6 ಅಂದರೆ ಲೇಬರ್‌ಗೆ ‘1’ ಅಂತ ಬರೆದವರು. ಇಲ್ಲಿ ಒಬ್ಬರಿಗೆ ಠಸ್ಸೆ ಒತ್ತಿ ಬರುವುದಿಲ್ಲ, ಎಲ್ಲ ಅಭ್ಯರ್ಥಿಗಳಿಗೂ 1, 2, 3 ಅಂತ ಕ್ರಮಸಂಖ್ಯೆ ಕೊಡಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕಡೆಯವರನ್ನು ತೆಗೆದು, ಅವರ ಮತಪತ್ರಗಳನ್ನು ‘2’ ಯಾರಿಗಿದೆ ನೋಡಿ ಹಂಚುತ್ತಾರೆ. ಹಾಗೆ ಕೊನೆಗೆ ಇಬ್ಬರು ಉಳಿಯುವವರೆಗೆ. 1918ರಿಂದ ಫೆಡರಲ್ ಚುನಾವಣೆಗೆ ಇದೇ ಕಾನೂನು. 2025ರಲ್ಲಿ ಲೇಬರ್ ಮತ್ತು ಕೊಯಲಿಷನ್ ಎರಡೇ ಅಂತ ಲೆಕ್ಕ ಹಾಕಿದಾಗ ಲೇಬರ್‌ಗೆ ಶೇ 55.2 ಬಂತು. ಮೂರನೇ ಒಂದು ಭಾಗದಷ್ಟು ಜನ ಎರಡೂ ದೊಡ್ಡ ಪಕ್ಷಗಳನ್ನು ಬಿಟ್ಟು ಬೇರೆಯವರಿಗೆ ‘1’ ಕೊಟ್ಟಿದ್ದರು, ಅದೇ ಆ ಚುನಾವಣೆಯ ನಿಜವಾದ ಸುದ್ದಿ.

ಇದು ಒಂದೇ ಪಕ್ಷಕ್ಕೆ ಲಾಭ ಅನ್ನುವವರು ಮೆಲ್ಬರ್ನ್ ಕ್ಷೇತ್ರ ನೋಡಬೇಕು. ಗ್ರೀನ್ಸ್ ನಾಯಕ ಆ್ಯಡಂ ಬ್ಯಾಂಟ್ ಮೊದಲ ಎಣಿಕೆಯಲ್ಲಿ ಮುಂದಿದ್ದೂ, ಲಿಬರಲ್ ಮತದಾರರ ಮುಂದಿನ ಆಯ್ಕೆಗಳು ಲೇಬರ್‌ಗೆ ಹರಿದು ಸೋತರು. ಗ್ರೀನ್ಸ್‌ಗೆ ದೇಶದಾದ್ಯಂತ ಶೇ 12ರಷ್ಟು ಮತ, ಕೆಳಮನೆಯಲ್ಲಿ ಒಂದೇ ಸೀಟು. ಅನ್ಯಾಯ ಅನ್ನುವುದಾದರೆ ದೂರಲು ಅವರಿಗೆ ಹಕ್ಕಿದೆ, ಶೇ 32ರಷ್ಟು ಮತಕ್ಕೆ 43 ಸೀಟು ಪಡೆದ ಕೊಯಲಿಷನ್‌ಗೆ ಅಷ್ಟಿಲ್ಲ.

ಪಕ್ಷಗಳು ನಮ್ಮ ಪ್ರಿಫರೆನ್ಸ್‌ಗಳನ್ನು (2, 3 ಅಂತ ಬರೆದ ಮುಂದಿನ ಆಯ್ಕೆಗಳನ್ನು) ಒಳಗೊಳಗೇ ಮಾರಿಕೊಳ್ಳುತ್ತವಂತೆ?

ಫೆಡರಲ್ ಚುನಾವಣೆಯಲ್ಲಿ ಅದು ಸಾಧ್ಯವಿಲ್ಲ. ಮತಗಟ್ಟೆಯ ಬಾಗಿಲಲ್ಲಿ ಟೀಶರ್ಟ್ ತೊಟ್ಟ ಕಾರ್ಯಕರ್ತರು ಕೈಗೆ ತುರುಕುವ ‘ಹೌ ಟು ವೋಟ್’ ಕಾರ್ಡು ಬರೀ ಸಲಹೆ. ಪಕ್ಷಗಳ ನಡುವಿನ ‘ಪ್ರಿಫರೆನ್ಸ್ ಡೀಲ್’ ಅಂದರೆ ಆ ಕಾರ್ಡಿನಲ್ಲಿ ಯಾರನ್ನು ಎಷ್ಟನೆಯವರಾಗಿ ಅಚ್ಚು ಹಾಕುವುದು ಅನ್ನುವುದಷ್ಟೇ. ಅದನ್ನು ಮರುಬಳಕೆಯ ಡಬ್ಬಿಗೆ ಹಾಕಿ ನಿಮಗೆ ಬೇಕಾದಂತೆ ಬರೆಯಬಹುದು.

ಫೆಡರಲ್ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಹಿಂದೆ ನಿಜಕ್ಕೂ ಪಕ್ಷ ಸಲ್ಲಿಸಿದ ಪಟ್ಟಿಯಂತೆ ಮತ ಹರಿಯುತ್ತಿತ್ತು. 2016ರಲ್ಲಿ ಅದು ಹೋಯಿತು. ಈಗ ಮತಪತ್ರದ ಅಡ್ಡಗೆರೆಯ ಮೇಲೆ ಕನಿಷ್ಠ 6 ಪಕ್ಷಗಳಿಗೆ, ಅಥವಾ ಗೆರೆಯ ಕೆಳಗೆ ಕನಿಷ್ಠ 12 ಅಭ್ಯರ್ಥಿಗಳಿಗೆ ಸಂಖ್ಯೆ ಬರೆಯಿರಿ ಅನ್ನುತ್ತಾರೆ. ವಿಕ್ಟೋರಿಯಾದ ಮೇಲ್ಮನೆಯಲ್ಲಿ ಮಾತ್ರ 2022ರ ಚುನಾವಣೆಯಲ್ಲೂ ಹಳೆಯ ಪದ್ಧತಿ ಉಳಿದಿತ್ತು, ಈ ವದಂತಿ ಸಾಯದಿರಲು ಅದೂ ಒಂದು ಕಾರಣ.

ರಾಜ್ಯ ಬದಲಾದರೆ ನಿಯಮವೂ ಬದಲಾಗುತ್ತದೆ, ಎಚ್ಚರ. ನ್ಯೂ ಸೌತ್ ವೇಲ್ಸ್ ರಾಜ್ಯ ಚುನಾವಣೆಯಲ್ಲಿ ‘1’ ಒಂದೇ ಬರೆದರೂ ಮತ ಸಿಂಧು, ಅದನ್ನೇ ಫೆಡರಲ್ ಕೆಳಮನೆಯ ಹಾಳೆಯಲ್ಲಿ ಮಾಡಿದರೆ ಅಸಿಂಧು. ಟ್ಯಾಸ್ಮೇನಿಯಾದಲ್ಲಿ ಒಂದೊಂದು ಕ್ಷೇತ್ರಕ್ಕೆ ಏಳೇಳು ಶಾಸಕರು. ಕ್ವೀನ್ಸ್‌ಲ್ಯಾಂಡಿನಲ್ಲಿ ಮೇಲ್ಮನೆಯೇ ಇಲ್ಲ, 1922ರಲ್ಲೇ ರದ್ದಾಗಿದೆ.

ಮತ ಹಾಕದಿದ್ದರೆ ನಿಜವಾಗಿಯೂ ದಂಡವೇ?

ಹೌದು. ಫೆಡರಲ್ ಚುನಾವಣೆಗೆ 20 ಡಾಲರ್, ಕೆಲವು ರಾಜ್ಯಗಳಲ್ಲಿ ಇನ್ನೂ ಜಾಸ್ತಿ. ಕಾಯಿಲೆಯಂಥ ಸರಿಯಾದ ಕಾರಣ ಬರೆದು ಕಳಿಸಿದರೆ ಬಿಡುತ್ತಾರೆ.

ದಂಡಕ್ಕಿಂತ ಅದರ ಪರಿಣಾಮ ಮುಖ್ಯ. 1922ರಲ್ಲಿ ಶೇ 60ಕ್ಕಿಂತ ಕಡಿಮೆ ಜನ ಮತ ಹಾಕಿದ್ದರು. 1924ರಲ್ಲಿ ಕಡ್ಡಾಯ ಮಾಡಿದರು, 1925ರಲ್ಲಿ ಶೇ 91 ದಾಟಿತು. ತಮ್ಮ ಕಡೆಯವರನ್ನು ಮನೆಯಿಂದ ಎಬ್ಬಿಸಿ ಕರೆತರುವ ಕೆಲಸವೇ ಪಕ್ಷಗಳಿಗೆ ಇಲ್ಲ. ಹೀಗಾಗಿ ಕಟ್ಟಾ ಬೆಂಬಲಿಗರನ್ನು ಕೆರಳಿಸುವುದಕ್ಕಿಂತ, ರಾಜಕೀಯದಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲದ ಹೊರವಲಯದ ಮನೆಸಾಲದ ಸಂಸಾರಗಳನ್ನು ಓಲೈಸುವುದು ಲಾಭ. ಇಲ್ಲಿನ ಪ್ರಚಾರ ಬಡ್ಡಿ ದರ, ಕರೆಂಟ್ ಬಿಲ್ಲು, ಜಿಪಿ ಫೀಸಿನ ಸುತ್ತ ಗಿರಕಿ ಹೊಡೆಯುವುದು ಅದಕ್ಕೇ. ಸಪ್ಪೆ ಅನಿಸಬಹುದು. ನನಗಂತೂ ಈ ಸಪ್ಪೆಯೇ ಇಷ್ಟ.

ಅದೇ ಜನ ರಾಜ್ಯಕ್ಕೆ ಒಂದು ಪಕ್ಷ, ಫೆಡರಲ್‌ಗೆ ಇನ್ನೊಂದು ಪಕ್ಷ ಆರಿಸುವುದು ಯಾಕೆ?

ಒಂದು ಕಡೆಯ ಮುನಿಸನ್ನು ಇನ್ನೊಂದು ಕಡೆ ತೀರಿಸಿಕೊಳ್ಳುತ್ತಾರೆ ಅನ್ನುವುದು ಇಲ್ಲಿನ ಹಳೆಯ ನಂಬಿಕೆ. ಚರಿತ್ರೆಯೂ ಅದಕ್ಕೆ ಸಾಕ್ಷಿ ಕೊಡುತ್ತದೆ. 2007ರ ನವೆಂಬರ್‌ನಲ್ಲಿ ಕೆವಿನ್ ರಡ್ ಗೆದ್ದಾಗ ಫೆಡರಲ್, ಆರು ರಾಜ್ಯ, ಎರಡು ಟೆರಿಟರಿ ಎಲ್ಲ ಲೇಬರ್ ಕೈಯಲ್ಲಿದ್ದವು. ದೇಶದಲ್ಲಿ ಅಧಿಕಾರದಲ್ಲಿದ್ದ ಅತಿ ದೊಡ್ಡ ಲಿಬರಲ್ ನಾಯಕ ಯಾರು ಅಂದರೆ ಬ್ರಿಸ್ಬೇನ್ ಮೇಯರ್ ಕ್ಯಾಂಪ್‌ಬೆಲ್ ನ್ಯೂಮನ್! ಆಮೇಲೆ ಕ್ಯಾನ್‌ಬೆರಾದಲ್ಲಿ ಲೇಬರ್ ಇದ್ದಷ್ಟೂ ದಿನ ರಾಜ್ಯಗಳು ಒಂದೊಂದಾಗಿ ಕಳಚಿಕೊಂಡವು. 2012ರಲ್ಲಿ ಅದೇ ನ್ಯೂಮನ್ ಕ್ವೀನ್ಸ್‌ಲ್ಯಾಂಡಿನಲ್ಲಿ 89ರಲ್ಲಿ 78 ಸೀಟು ಗೆದ್ದು ಪ್ರೀಮಿಯರ್ ಆದರು, ಲೇಬರ್‌ಗೆ ಉಳಿದದ್ದು 7.

ಮೂರು ವರ್ಷದ ನಂತರ ಆ ಬೆಟ್ಟದಂಥ ಬಹುಮತ ಕರಗಿತು. ಸರ್ಕಾರಿ ನೌಕರರ ಕಡಿತ, ಸರ್ಕಾರಿ ಆಸ್ತಿ ಗುತ್ತಿಗೆಗೆ ಕೊಡುವ ಯೋಜನೆ ಮುಖ್ಯ ಕಾರಣ. ಅದರ ಮೇಲೆ ಕ್ಯಾನ್‌ಬೆರಾದಿಂದ ಒಂದು ಉಡುಗೊರೆಯೂ ಬಂತು. 2015ರ ಜನವರಿ 26ರಂದು ಪ್ರಧಾನಿ ಟೋನಿ ಅಬಾಟ್ ಬ್ರಿಟನ್ ರಾಣಿಯ ಪತಿ ಫಿಲಿಪ್‌ಗೆ ನೈಟ್ ಪದವಿ ಘೋಷಿಸಿದರು. ಸ್ವಂತ ಪಕ್ಷದವರೇ ತಲೆ ಚಚ್ಚಿಕೊಂಡರು. ಕ್ವೀನ್ಸ್‌ಲ್ಯಾಂಡ್ ಮತದಾನ ಜನವರಿ 31ರಂದು. ನ್ಯೂಮನ್ ಸರ್ಕಾರವನ್ನೂ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡರು.

ಹಾಗಂತ ಇದು ಅಳಿಯದ ನಿಯಮವಲ್ಲ. ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ 2025ರ ಮಾರ್ಚ್‌ನಲ್ಲಿ ರಾಜ್ಯ ಲೇಬರ್ ಗೆದ್ದಿತು, ಮೇನಲ್ಲಿ ಫೆಡರಲ್ ಲೇಬರ್ ಕೂಡ ಗೆದ್ದಿತು.

ಚುನಾವಣೆಯೇ ಇಲ್ಲದೆ ಪ್ರಧಾನಿ ಬದಲಾಗುತ್ತಾರಲ್ಲ, ಅದಕ್ಕೆ ಜನರ ಒಪ್ಪಿಗೆ ಬೇಡವೇ?

ಬೇಡ. ಜನ ಆರಿಸುವುದು ತಮ್ಮ ಕ್ಷೇತ್ರದ ಸಂಸದರನ್ನು, ನಾಯಕನನ್ನು ಆರಿಸುವುದು ಪಕ್ಷದ ಸಂಸದರ ಸಭೆ (2013ರಿಂದ ಲೇಬರ್‌ನಲ್ಲಿ ಪಕ್ಷದ ಸದಸ್ಯರ ಮತಕ್ಕೂ ಅರ್ಧ ಪಾಲಿದೆ). ಅದರಲ್ಲಿ ನಾಯಕನನ್ನು ಕೆಡವಿದರೆ ‘ಸ್ಪಿಲ್’ ಅನ್ನುತ್ತಾರೆ. 2010ರಲ್ಲಿ ಕೆವಿನ್ ರಡ್ ಕೆಳಗಿಳಿದು ಜೂಲಿಯಾ ಗಿಲಾರ್ಡ್ ಬಂದರು, 2013ರಲ್ಲಿ ಗಿಲಾರ್ಡ್ ಇಳಿದು ರಡ್, 2015ರಲ್ಲಿ ಅಬಾಟ್ ಇಳಿದು ಮಾಲ್ಕಂ ಟರ್ನ್‌ಬುಲ್, 2018ರಲ್ಲಿ ಟರ್ನ್‌ಬುಲ್ ಇಳಿದು ಸ್ಕಾಟ್ ಮಾರಿಸನ್. ‘ನಿಮ್ಮವರು ಬೆನ್ನಿಗೆ ಚೂರಿ ಹಾಕಿದರು’ ಎಂದು ಎರಡೂ ಕಡೆಯವರು ಸಮಸಮನಾಗಿ ಹೇಳಬಹುದಾದ ವಿಷಯ ಇದೊಂದೇ.

ರೆಸಾರ್ಟು, ಬಸ್ಸು, ಮುಂಬೈ ಹೋಟೆಲು ಯಾವುದೂ ಇಲ್ಲಿಲ್ಲ. ಸಂಸದರು ಒಂದು ಕೋಣೆಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೊಸ ಪ್ರಧಾನಿ ಹೊರಬರುತ್ತಾರೆ. ಇನ್ನೊಂದು ವಿಚಿತ್ರ: ಫೆಡರಲ್ ಸಂಸತ್ತಿನಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. 2024ರಲ್ಲಿ ಪ್ಯಾಲೆಸ್ಟೈನ್ ನಿರ್ಣಯದ ಮೇಲೆ ಪಕ್ಷದ ವಿರುದ್ಧ ಮತ ಹಾಕಿದ ಸೆನೆಟರ್ ಫಾತಿಮಾ ಪೇಮನ್ ಲೇಬರ್ ಬಿಟ್ಟರೂ ಸ್ಥಾನ ಉಳಿಸಿಕೊಂಡರು. 2025ರಲ್ಲಿ ಡೊರಿಂಡಾ ಕಾಕ್ಸ್ ಗ್ರೀನ್ಸ್ ಬಿಟ್ಟು ಲೇಬರ್ ಸೇರಿದಾಗಲೂ ಅಷ್ಟೇ. ಬೈದವರು ಬೈದರು, ಕಾನೂನು ಸುಮ್ಮನಿತ್ತು.

ಕೋವಿಡ್ ಮುಗಿದು ಇಷ್ಟು ವರ್ಷವಾದರೂ ಮೆಲ್ಬರ್ನ್‌ನವರು ಡ್ಯಾನ್ ಆ್ಯಂಡ್ರೂಸ್ ಹೆಸರೆತ್ತಿದರೆ ಯಾಕೆ ಕಿತ್ತಾಡುತ್ತಾರೆ?

ಆಗ ವಿಕ್ಟೋರಿಯಾದ ಲೇಬರ್ ಪ್ರೀಮಿಯರ್ ಅವರೇ. ಆರು ಲಾಕ್‌ಡೌನ್, ಒಟ್ಟು 262 ದಿನ. ಮನೆಯಿಂದ 5 ಕಿಲೋಮೀಟರ್ ಮಿತಿ, ರಾತ್ರಿ ಕರ್ಫ್ಯೂ. ಅಂಗಡಿ ಮುಚ್ಚಿದವರಿಗೆ, ಊರಲ್ಲಿ ಅಪ್ಪ ಅಮ್ಮ ತೀರಿಕೊಂಡಾಗ ಹೋಗಲಾಗದವರಿಗೆ ಅದು ಮರೆಯುವ ಮಾತಲ್ಲ. ಆದರೆ ವಿಳಾಸದ ಪ್ರಶ್ನೆ ಇಲ್ಲೂ ಇದೆ. ಮನೆಯೊಳಗೆ ಕೂಡಿಹಾಕಿದ್ದು ರಾಜ್ಯ ಸರ್ಕಾರ. ದೇಶ ಬಿಟ್ಟು ಹೋಗಲು ಅನುಮತಿ ಬೇಕು ಅಂದಿದ್ದು, 2021ರ ಮೇನಲ್ಲಿ ಭಾರತದಿಂದ ಮರಳುವ ಸ್ವಂತ ನಾಗರಿಕರಿಗೂ ಕೆಲ ದಿನ ಬಾಗಿಲು ಮುಚ್ಚಿದ್ದು ಮಾರಿಸನ್ ಅವರ ಫೆಡರಲ್ ಸರ್ಕಾರ. ನಮ್ಮವರಲ್ಲಿ ಹಲವರು ಎರಡನೆಯದರ ಸಿಟ್ಟನ್ನೂ ಆ್ಯಂಡ್ರೂಸ್ ತಲೆಗೇ ಕಟ್ಟುತ್ತಾರೆ.

‘ಡಿಕ್ಟೇಟರ್ ಡ್ಯಾನ್’ ಅಂದವರಿಗೆ ಉತ್ತರವಾಗಿ 2022ರ ನವೆಂಬರ್‌ನಲ್ಲಿ ಅವರ ಪಕ್ಷ 88ರಲ್ಲಿ 56 ಸೀಟು ಗೆದ್ದಿತು. ಅಷ್ಟಕ್ಕೆ ಎಲ್ಲ ಸರಿ ಅಂತಲೂ ಅಲ್ಲ. 2026ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಒಪ್ಪಿಕೊಂಡು, 2023ರಲ್ಲಿ ಕೈಬಿಟ್ಟು, 380 ದಶಲಕ್ಷ ಡಾಲರ್ ಪರಿಹಾರ ತೆತ್ತದ್ದು ಅದೇ ಸರ್ಕಾರ. ವಿಕ್ಟೋರಿಯಾದ ಸಾಲದ ಬಗ್ಗೆ ಲಿಬರಲ್ಲರು ಆಡುವ ಮಾತಿನಲ್ಲಿ ಹುರುಳಿದೆ. ಮುಂದಿನ ರಾಜ್ಯ ಚುನಾವಣೆ 2026ರ ನವೆಂಬರ್ 28ಕ್ಕೆ ನಿಗದಿಯಾಗಿದೆ, ವಾದಕ್ಕೆ ಸರಕು ಸಾಕಷ್ಟಿದೆ.

ಮನೆ ಬೆಲೆ ಗಗನಕ್ಕೇರಿದ್ದಕ್ಕೆ ಯಾವ ಪಕ್ಷ ಕಾರಣ?

ಇಬ್ಬರೂ, ಮತ್ತು ಸ್ವಂತ ಮನೆಯಿರುವ ನಾವು ನೀವೂ. ಬಾಡಿಗೆಗೆ ಕೊಟ್ಟ ಮನೆಯ ನಷ್ಟವನ್ನು ತೆರಿಗೆಗೊಳಪಡುವ ಸಂಬಳದಿಂದ ಕಳೆಯುವ ‘ನೆಗೆಟಿವ್ ಗೇರಿಂಗ್’ ಸೌಲಭ್ಯಕ್ಕೆ ಕತ್ತರಿ ಹಾಕುತ್ತೇವೆ ಅಂತ ಆಗಿನ ಲೇಬರ್ ನಾಯಕ ಬಿಲ್ ಶಾರ್ಟನ್ ಹೇಳಿಕೊಂಡು 2016ರಲ್ಲಿ ಸೋತರು, 2019ರಲ್ಲಿ ಎಲ್ಲ ಸಮೀಕ್ಷೆಗಳೂ ಗೆಲುವು ಅಂದಿದ್ದಾಗ ಮತ್ತೆ ಸೋತರು. ಆಮೇಲೆ ಆಲ್ಬನೀಸಿ ಆ ಭರವಸೆಯನ್ನೇ ಕೈಬಿಟ್ಟು 2022ರ ಚುನಾವಣೆಗೆ ಹೋದರು. ತೆರಿಗೆ ಫೆಡರಲ್, ಆದರೆ ಎಲ್ಲಿ ಎಷ್ಟು ಅಂತಸ್ತು ಕಟ್ಟಬಹುದು ಅನ್ನುವುದು ರಾಜ್ಯ ಮತ್ತು ಕೌನ್ಸಿಲ್ ಕೈಯಲ್ಲಿ. ಸ್ಟ್ಯಾಂಪ್ ಡ್ಯೂಟಿಯೂ ರಾಜ್ಯದ್ದು. ನ್ಯೂ ಸೌತ್ ವೇಲ್ಸ್‌ನಲ್ಲಿ ಮೊದಲ ಮನೆ ಕೊಳ್ಳುವವರು ಸ್ಟ್ಯಾಂಪ್ ಡ್ಯೂಟಿ ಬದಲು ವರ್ಷ ವರ್ಷ ಸಣ್ಣ ತೆರಿಗೆ ಕಟ್ಟಬಹುದು ಅಂತ ಲಿಬರಲ್ ಪ್ರೀಮಿಯರ್ ಡೊಮಿನಿಕ್ ಪೆರೊಟೆ ತಂದರು. 2023ರಲ್ಲಿ ಗೆದ್ದ ಲೇಬರ್ ಅದನ್ನು ಕಿತ್ತುಹಾಕಿತು. ಒಳ್ಳೆಯ ಯೋಜನೆಯಾಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕರೆಂಟ್ ಬಿಲ್ಲಿನ ಜಗಳ?

2012ರಲ್ಲಿ ಬಂದ ಇಂಗಾಲದ ಬೆಲೆಯನ್ನು ‘ಕಾರ್ಬನ್ ಟ್ಯಾಕ್ಸ್’ ಅಂತ ಬಡಿದು ಅಬಾಟ್ ಅಧಿಕಾರಕ್ಕೆ ಬಂದರು, 2014ರಲ್ಲಿ ರದ್ದು ಮಾಡಿದರು. 2017ರಲ್ಲಿ ಮಾರಿಸನ್ ಸಂಸತ್ತಿಗೆ ಕಲ್ಲಿದ್ದಲಿನ ತುಂಡನ್ನೇ ತಂದು ತೋರಿಸಿದರು. 2024ರಲ್ಲಿ ಆಗಿನ ಲಿಬರಲ್ ನಾಯಕ ಪೀಟರ್ ಡಟ್ಟನ್ ಏಳು ಕಡೆ ಅಣುಸ್ಥಾವರ ಅಂದರು, 2025ರ ಮೇ 3ರಂದು ಚುನಾವಣೆಯ ಜೊತೆ ಸ್ವಂತ ಕ್ಷೇತ್ರ ಡಿಕ್ಸನ್ ಕೂಡ ಕಳೆದುಕೊಂಡರು. ಸೌರ ಫಲಕ ಇರುವ ಮನೆಯವರು ಈ ಜಗಳದಲ್ಲಿ ಸ್ವಲ್ಪ ನಿರಾಳ.

ವಲಸೆಯ ವಾದದಲ್ಲಿ ಭಾರತೀಯರ ಹೆಸರು ಯಾಕೆ ಮುಂದೆ ಬರುತ್ತಿದೆ?

ಕಣ್ಣಿಗೆ ಬೀಳುವಷ್ಟು ಇದ್ದೇವೆ. 2021ರ ಜನಗಣತಿಯಲ್ಲಿ ಭಾರತದಲ್ಲಿ ಹುಟ್ಟಿದವರು 6.7 ಲಕ್ಷ, ಇಂಗ್ಲೆಂಡಿನ ನಂತರ ಎರಡನೇ ಸ್ಥಾನ. ಕೋವಿಡ್ ಗಡಿ ತೆರೆದ ಮೇಲೆ 2022–23ರಲ್ಲಿ ನಿವ್ವಳ ವಲಸೆ 5 ಲಕ್ಷ ದಾಟಿತು, ಬಾಡಿಗೆ ಅದೇ ಹೊತ್ತಿಗೆ ಜಿಗಿಯಿತು. ಎರಡನ್ನೂ ಜೋಡಿಸುವುದು ರಾಜಕಾರಣಿಗಳಿಗೆ ಸುಲಭ.

2025ರ ಆಗಸ್ಟ್ 31ರಂದು ನಗರಗಳಲ್ಲಿ ನಡೆದ ‘ಮಾರ್ಚ್ ಫಾರ್ ಆಸ್ಟ್ರೇಲಿಯಾ’ ಮೆರವಣಿಗೆಯ ಪ್ರಚಾರ ಸಾಮಗ್ರಿಯಲ್ಲಿ ಭಾರತೀಯರನ್ನೇ ಹೆಸರಿಸಿದ್ದರು. ಅದಾಗಿ ಕೆಲವೇ ದಿನಕ್ಕೆ ಲಿಬರಲ್ ಸೆನೆಟರ್ ಜಸಿಂಟಾ ನಂಪಿಜಿನ್ಪಾ ಪ್ರೈಸ್, ಮತಕ್ಕಾಗಿ ಲೇಬರ್ ಭಾರತೀಯರನ್ನು ಕರೆತರುತ್ತಿದೆ ಎಂಬರ್ಥದ ಮಾತಾಡಿದರು. ಗದ್ದಲವೆದ್ದು, ಕ್ಷಮೆ ಕೇಳದೆ, ಆಗಿನ ಪಕ್ಷದ ನಾಯಕಿ ಸೂಸನ್ ಲೀ ಮೇಲೆ ವಿಶ್ವಾಸವಿದೆ ಅಂತಲೂ ಹೇಳದೆ ಮುಂಚೂಣಿ ಸ್ಥಾನ ಕಳೆದುಕೊಂಡರು. ಲೀ ಭಾರತೀಯ ಸಮುದಾಯದ ಕ್ಷಮೆ ಕೇಳಿದರು.

ಈ ಆರೋಪದಲ್ಲಿ ಲೆಕ್ಕವೇ ತಪ್ಪು. ವಿಮಾನದಿಂದ ಇಳಿದವರಿಗೆ ಮತವಿಲ್ಲ, ಪಿಆರ್ (ಶಾಶ್ವತ ವಾಸದ ವೀಸಾ) ಸಿಕ್ಕವರಿಗೂ ಇಲ್ಲ, ಪೌರತ್ವಕ್ಕೆ ವರ್ಷಗಳು ಬೇಕು. ಅದೂ ಅಲ್ಲದೆ ಲೇಬರ್‌ನವರೇನೂ ಬಾಗಿಲು ಹಾರು ಹೊಡೆದು ಕೂತಿಲ್ಲ. ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಮಸೂದೆ ತಂದದ್ದು ಅವರೇ, 2024ರ ನವೆಂಬರ್‌ನಲ್ಲಿ ಅದಕ್ಕೆ ಅಡ್ಡ ನಿಂತದ್ದು ಗ್ರೀನ್ಸ್ ಮತ್ತು ಕೊಯಲಿಷನ್. ವೀಸಾ ಕೊಡುವುದು ಕ್ಯಾನ್‌ಬೆರಾ, ಬಂದವರಿಗೆ ರೈಲು, ಶಾಲೆ, ಮನೆ ಜಾಗ ಒದಗಿಸಬೇಕಾದ್ದು ರಾಜ್ಯ. ಇಬ್ಬರೂ ಕೂತು ಲೆಕ್ಕ ಹೊಂದಿಸದಿದ್ದಾಗ ಬೈಗುಳ ತಿನ್ನುವವರು ಬಸ್ಸಿನಲ್ಲಿ ಕೂತ ನಾವು.

ಪ್ರಚಾರದಲ್ಲಿ ಹಸಿ ಸುಳ್ಳು ಹೇಳಿದರೆ ಶಿಕ್ಷೆ ಇಲ್ಲವೇ?

ಫೆಡರಲ್ ಚುನಾವಣೆಯ ಜಾಹೀರಾತಿನ ಕೊನೆಗೆ ಯಾರು ಹೊರಡಿಸಿದ್ದು ಅಂತ ಗಡಗಡ ಓದುವುದು ಕಡ್ಡಾಯ, ಹೇಳಿದ್ದು ನಿಜವಾಗಿರುವುದು ಕಡ್ಡಾಯವಲ್ಲ. ಸೌತ್ ಆಸ್ಟ್ರೇಲಿಯಾದಲ್ಲಿ ಮಾತ್ರ 1985ರಿಂದ ಅದಕ್ಕೊಂದು ಕಾನೂನಿದೆ, ಕ್ಯಾನ್‌ಬೆರಾ ಟೆರಿಟರಿ ಆಮೇಲೆ ಅನುಸರಿಸಿತು. 2016ರಲ್ಲಿ ಮೆಡಿಕೇರ್ ಹೆಸರಿನಿಂದಲೇ ಬಂದಂತೆ ಕಾಣುವ ಸಂದೇಶ ಕಳಿಸಿ ಲೇಬರ್ ಹೆದರಿಸಿತು. 2019ರಲ್ಲಿ ಲೇಬರ್ ಗೆದ್ದರೆ ಸತ್ತವರ ಆಸ್ತಿಗೂ ತೆರಿಗೆ ಎಂಬ ಇಲ್ಲದ ಯೋಜನೆ ಫೇಸ್‌ಬುಕ್ ತುಂಬ ಹರಿಯಿತು. ಸಂಘದ ಗುಂಪಿಗೆ ಫಾರ್ವರ್ಡ್ ಮಾಡುವ ಮುನ್ನ ಇವೆರಡನ್ನು ನೆನಪಿಸಿಕೊಳ್ಳಿ.

ಪಿಆರ್ ಇದೆ, ಪೌರತ್ವ ಇಲ್ಲ. ಎಲ್ಲೂ ಮತ ಹಾಕಲಾಗದೇ?

ಫೆಡರಲ್, ರಾಜ್ಯ ಎರಡರಲ್ಲೂ ಇಲ್ಲ. 1984ರ ಜನವರಿ 26ಕ್ಕೆ ಮುಂಚೆ ಮತದಾರರ ಪಟ್ಟಿಯಲ್ಲಿದ್ದ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ವಿನಾಯಿತಿ.  ಆದರೆ ಕೌನ್ಸಿಲ್ ಚುನಾವಣೆಯಲ್ಲಿ ಅವಕಾಶವಿದೆ. ವಿಕ್ಟೋರಿಯಾದಲ್ಲಿ ಸ್ವಂತ ಮನೆಯಲ್ಲಿದ್ದು ರೇಟ್ಸ್ (ಕೌನ್ಸಿಲ್‌ನ ಮನೆ ತೆರಿಗೆ) ಕಟ್ಟುವ ಪಿಆರ್‌ಗಳು ಅರ್ಜಿ ಹಾಕಿ ಪಟ್ಟಿಗೆ ಸೇರಬಹುದು. ಕಸದ ಡಬ್ಬಿಯ ಬಗ್ಗೆ ದೂರುವವರು ಮೊದಲು ಆ ಅರ್ಜಿ ತುಂಬಲಿ.

ಮತಗಟ್ಟೆಯ ಸಾಸೇಜ್ ಗೌಜು ನಮಗೆ ಸಸ್ಯಾಹಾರಿಗಳಿಗೆ ಏನು ಪ್ರಯೋಜನ?

ಶಾಲೆಯ ಅಂಗಳದಲ್ಲಿ ಮತಗಟ್ಟೆ ಇದ್ದರೆ ಪೋಷಕರ ಸಂಘದವರು ಒಲೆ ಹಚ್ಚಿ ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಾರೆ, ದುಡ್ಡು ಶಾಲೆಗೆ. ‘ಡೆಮಾಕ್ರಸಿ ಸಾಸೇಜ್’ 2016ರಲ್ಲಿ ಇಲ್ಲಿನ ವರ್ಷದ ಪದವೂ ಆಯಿತು. ಸಾಸೇಜ್ ಬೇಡ, ಸುಟ್ಟ ಈರುಳ್ಳಿ ಮಾತ್ರ ಬ್ರೆಡ್ಡಿಗೆ ಹಾಕಿ ಅಂದರೆ ಹಾಕಿಕೊಡುತ್ತಾರೆ, ಆದರೆ ಒಲೆಯ ತಟ್ಟೆ ಒಂದೇ ಅನ್ನುವುದು ಗಮನದಲ್ಲಿರಲಿ. ಮಡಿವಂತರಿಗೆ ಪಕ್ಕದ ಕೇಕ್ ಮೇಜು ವಾಸಿ. ಹನ್ನೊಂದು ಗಂಟೆಯೊಳಗೆ ಹೋಗಿ, ಲ್ಯಾಮಿಂಗ್ಟನ್ (ಕೊಬ್ಬರಿ ತುರಿ ಮೆತ್ತಿದ ಚಾಕೊಲೆಟ್ ಕೇಕ್) ಬೇಗ ಖಾಲಿಯಾಗುತ್ತದೆ.